ಬೋರ್ಡಿನಲ್ಲಿ ಬರೆದ ಸಮಯ

ಮಾರ್ಚ್ ೧೪, ಗುರುವಾರ

ಸಿಟ್ಟಿನ ಗುಬ್ಬಿಗೆ,

ಫೋನ್ ಎತ್ತುವುದಿಲ್ಲ, ಮೆಸೇಜಿಗೆ ಉತ್ತರವಿಲ್ಲ. ಅದಕ್ಕೇ ಈ ಕಾಗದ. ಹರಿದು ಹಾಕುವುದಾದರೂ ಓದಿ ಹರಿ.

ವಿಮಾನ ತಪ್ಪಿದ್ದು ನನ್ನಿಂದ ಎಂದು ಚಿಕ್ಕಮ್ಮನ ಹತ್ತಿರ ಹೇಳಿದೆಯಂತೆ. ನೀನು ಬಂದಿಳಿದ ಹಳೇ ವಿಮಾನ ನಿಲ್ದಾಣದಿಂದ ನಾನು ಕೆಲಸ ಮಾಡುವ ಹೊಸದಕ್ಕೆ ನಲವತ್ತಾರು ಕಿಲೋಮೀಟರ್, ಒಂದು ಗಂಟೆ ಹತ್ತು ನಿಮಿಷ. ಹಾಗೆಂದು ನನ್ನ ವಿಚಾರಣೆ ಕೌಂಟರಿನ ಬೋರ್ಡಿನಲ್ಲೇ ಬರೆದಿದೆ. ಇಳಿದ ತಕ್ಷಣ ನೀನು ಫೋನ್ ಮಾಡಿ ಕೇಳಿದೆ, ನಾನು ಅದನ್ನೇ ಹೇಳಿದೆ. ದಿನಕ್ಕೆ ಐವತ್ತು ಜನ ಇದನ್ನೇ ಕೇಳುತ್ತಾರೆ, ಒಬ್ಬರೂ ಚಿಕ್ಕಮ್ಮನಿಗೆ ದೂರು ಕೊಟ್ಟಿಲ್ಲ! ನೀನು ಅಮ್ಮನನ್ನು ಕರೆದುಕೊಂಡು ಇಲ್ಲಿಂದ ಹೊರಡಬೇಕಿದ್ದ ವಿಮಾನಕ್ಕೆ ಇನ್ನೂ ನಾಲ್ಕು ಗಂಟೆ ಇತ್ತು. 'ಹಾಗಾದ್ರೆ ಬೇಕಾದಷ್ಟು ಟೈಮಿದೆ' ಎಂದು ಮುಖ ತೊಳೆದು, ಕಾಫಿ ಕುಡಿದು, ಒಂದೂಕಾಲು ಗಂಟೆ ಕಳೆದು ಟ್ಯಾಕ್ಸಿ ಹತ್ತಿದವಳು ಯಾರು?

ಅಮ್ಮನನ್ನು ಇನ್ನು ಮೇಲೆ ನಾನೇ ನೋಡಿಕೊಳ್ಳುತ್ತೇನೆ ಎಂದು ಹಠ ಹಿಡಿದವಳೂ ನೀನೇ. ಪಾಪ, ಅಂದು ಅವಳು ನನ್ನ ಡ್ಯೂಟಿಯ ಹೊತ್ತಿಗೇ ನನ್ನ ಜೊತೆ ನಿಲ್ದಾಣಕ್ಕೆ ಹೊರಟು ಬಂದು, ಪಕ್ಕದ ಕುರ್ಚಿಯ ಮೇಲೆ ಕೈಚೀಲ ಇಟ್ಟು, ಯಾರು ಬಂದರೂ 'ಇಲ್ಲಿ ನನ್ನ ಚಿಕ್ಕ ಮಗಳು ಕೂತ್ಕೋತಾಳೆ' ಅನ್ನುತ್ತಿದ್ದಳು. ಕೊನೆಯ ಕರೆ ಬಂದಾಗ ನನಗೆ, 'ನೀನು ಇಲ್ಲೇ ಕೆಲ್ಸ ಮಾಡ್ತೀಯಲ್ಲ, ಐದು ನಿಮಿಷ ನಿಲ್ಸೋಕೆ ಹೇಳು' ಅಂದಳು. ನಗು ಬರಬೇಕಿತ್ತು, ಬರಲಿಲ್ಲ.

ವಿಮಾನ ಹೋಯಿತೆಂದು ನಾನು ಫೋನಿನಲ್ಲಿ ತಿಳಿಸಿದಾಗ ನಾವಿಬ್ಬರೂ ಬಾಯಿಗೆ ಬಂದಂತೆ ಬೈದಾಡಿದೆವು, ನಿಜ. ಅಷ್ಟಕ್ಕೇ ಅವಳಿಗೆ ಮುಖವೂ ತೋರಿಸದೆ ದಾರಿಯಿಂದಲೇ ಟ್ಯಾಕ್ಸಿ ತಿರುಗಿಸಿಕೊಂಡು ಹೋಗುವುದೇ?

ಹನ್ನೊಂದು ವರ್ಷದಿಂದ ಅವಳ ಮಾತ್ರೆ, ಸ್ನಾನ, ಮೊಣಕಾಲು ನೋವು ಎಲ್ಲ ನನ್ನ ಪಾಲು. ನಿನ್ನದು ವಾರಕ್ಕೊಂದು ಫೋನು. ಆ ಫೋನು ಬಂದ ದಿನ ಅವಳು ಎರಡು ತುತ್ತು ಹೆಚ್ಚು ಉಣ್ಣುತ್ತಾಳೆ. ಮೈ ಉರಿಯುತ್ತದೆ ಕಣೇ.

ಈಗ ಸೂಟ್‌ಕೇಸ್ ಖಾಲಿ ಮಾಡಲು ಬಿಡುತ್ತಿಲ್ಲ. ದಿನವೂ ಬಟ್ಟೆ ಅದರಿಂದಲೇ ತೆಗೆಯುತ್ತಾಳೆ, ಒಗೆದು ಒಣಗಿದ ಮೇಲೆ ಅದರಲ್ಲೇ ಮಡಿಸಿಡುತ್ತಾಳೆ. ನಿನ್ನೆ, 'ಗುಬ್ಬಿಗೇ ನನ್ನನ್ನ ಕರ್ಕೊಂಡು ಹೋಗೋ ಮನಸ್ಸಿರ್ಲಿಲ್ಲ ಅನ್ಸುತ್ತೆ, ಅಲ್ವಾ?' ಎಂದು ಕೇಳಿದಳು. ನಾನು ಮಾತ್ರೆಯ ಡಬ್ಬಿ ಹುಡುಕುವವಳಂತೆ ಒಳಗೆ ಹೋದೆ.

ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡು. ಅವಳಿಗೊಂದು ಫೋನ್ ಮಾಡು.

ಬೈಸಿಕೊಂಡೂ ನಿನ್ನವಳೇ ಆದ,
ಅಕ್ಕ

ತಾ.ಕ.: ಈ ಕಾಗದವನ್ನು ಮೂರು ಸಲ ಬರೆದೆ, ಮೂರು ಸಲವೂ ಇದನ್ನು ಬಿಟ್ಟೆ. ಆ ರಸ್ತೆಯ ಸೇತುವೆ ಮುಚ್ಚಿ ಅಂದಿಗೆ ಹದಿನೈದು ದಿನವಾಗಿತ್ತು. ಸುತ್ತಿ ಬರಲು ಮೂರು ಗಂಟೆ ಬೇಕು ಎಂದು ಬೋರ್ಡಿನ ಕೆಳಗೆ ಚೀಟಿ ಅಂಟಿಸಿದವಳು ನಾನೇ. ನಿನ್ನ ಫೋನ್ ಬಂದಾಗ ಒಬ್ಬ ಪ್ರಯಾಣಿಕನಿಗೆ ಅದನ್ನೇ ತೋರಿಸಿ, 'ಈಗಲೇ ಹೊರಡಿ' ಎನ್ನುತ್ತಿದ್ದೆ. ನಿನಗೆ ಮಾತ್ರ ಬೋರ್ಡಿನ ಸಮಯವನ್ನಷ್ಟೇ ಹೇಳಿದೆ. ಅಮ್ಮ ನಿನ್ನ ಜೊತೆ ಹೋದರೆ ಈ ಮನೆಯಲ್ಲಿ ನನಗೆ ಯಾರಿದ್ದಾರೆ, ಗುಬ್ಬಿ? ಫೋನ್ ಮಾಡಿದಾಗ ಇದನ್ನು ಅವಳಿಗೆ ನೀನೇ ಹೇಳಿಬಿಡು. ನನ್ನ ಕೈಲಿ ಆಗುತ್ತಿಲ್ಲ.