ಖಾಲಿ ಕೊಂಬೆಗೆ ಬಂದ ಚಿನ್ನದ ಕುಲಾವಿ

ವೈಲ್‌ಹೋಫೆನ್
೮ ಜನವರಿ ೨೦೧೨

ಪ್ರೀತಿಯ ಓಟಿ,

ಹೊಸ ವರ್ಷ ನಿನಗೆ ಸುಖ ತರಲಿ, ಫ್ಲೆನ್ಸ್‌ಬುರ್ಗ್‌ನ ಕಡಲ ಗಾಳಿ ನಿನ್ನ ಮಂಡಿಗಳ ಮೇಲೆ ಸ್ವಲ್ಪ ಕರುಣೆ ತೋರಲಿ. ನಿನ್ನ ಪಾರ್ಸೆಲ್ ಡಿಸೆಂಬರ್ ಆರಕ್ಕೆ, ನಿಕೋಲಾಸ್ ಹಬ್ಬದ ಹೊತ್ತಿಗೇ ಕೈಸೇರಿತ್ತು. ನಾನು ಒಂದು ಸಾಲೂ ಬರೆಯಲಿಲ್ಲ, ನೀನು ಫೋನ್ ಮಾಡಿದರೆ ಎತ್ತಲೂ ಇಲ್ಲ. ಗಾಜು ದಾರಿಯಲ್ಲಿ ಒಡೆಯಿತೋ, ಇಲ್ಲ ನಿನ್ನ ಈ ಜೀಟಾಳಿಗೆ ಸಿಟ್ಟು ಬಂತೋ ಎಂದು ಒದ್ದಾಡಿರುತ್ತೀ. ಗಾಜು ಒಡೆದಿಲ್ಲ. ಸಿಟ್ಟಿನ ವಿಷಯ ಆಮೇಲೆ. ಮೊದಲು ಸುದ್ದಿ ಕೇಳು.

ಕ್ರಿಸ್‌ಮಸ್ ಮರಕ್ಕೆ ತೂಗುಹಾಕಲು ವರ್ಷಕ್ಕೊಂದು ಗಾಜಿನ ಒಡವೆ ಮಾಡಿ ಮಾರುತ್ತಾರಲ್ಲ ನಮ್ಮ ಮ್ಯೂಸಿಯಮ್ಮಿನವರು, ಈ ಸಲದ್ದಕ್ಕೆ ಹಳೆಯ ಕಾಲದ ಒಲೆಗೆ ಹೊದಿಸುತ್ತಿದ್ದ ಹಸಿರು ಹೆಂಚನ್ನು ಮಾದರಿ ಮಾಡಿಕೊಂಡಿದ್ದಾರೆ. ಹೆಂಚಿನ ಮೇಲೆ ಒಂದು ಸಿಂಹ. ಗಾಜಿನಲ್ಲಿ ಊದಿಸಿ ಬಣ್ಣ ಹಚ್ಚಿದ ಮೇಲೆ ಅದರ ಮುಖ ನೋಡಬೇಕಿತ್ತು ನೀನು. "ಇದು ಸಿಂಹ ಅಲ್ಲ ಕಣೇ, ಹಲ್ಲುನೋವು ಬಂದಿರೋ ನಾಯಿ" ಎಂದ ನಮ್ಮ ಓಯ್ಗೆನ್. ಆದರೂ ಕೊಳ್ಳಲು ಸಾಲಿನಲ್ಲಿ ಮೊದಲು ನಿಂತವನು ಅವನೇ.

ಆ ಸಾಲಿನಲ್ಲಿಯೇ ತಮಾಷೆ ನಡೆದದ್ದು. ಮ್ಯೂಸಿಯಮ್ಮಿಗೆ ಹೊಸದಾಗಿ ಬಂದಿರುವ ಫ್ರೌ ರುಪ್ರೆಖ್ಟ್, ಪಾಪ, ಬೇರೆ ಊರಿನವಳು, ಏನೂ ಗೊತ್ತಿಲ್ಲ. "ಮುಂದಿನ ಚಳಿಗಾಲಕ್ಕೆ ಎಲ್ಲಾ ವರ್ಷದ ಒಡವೆಗಳನ್ನೂ ಒಂದೇ ಮರದಲ್ಲಿ ತೋರಿಸಬೇಕು ಅಂತಿದೀವಿ. ಪೂರ್ತಿ ಇಟ್ಟಿರೋರು ಯಾರೂ ಇಲ್ಲ. ನಿಮ್ಮನೇಲಿ ಒಂದೇ ಒಂದು ಕಮ್ಮಿಯಂತೆ, ಯಾವ ವರ್ಷದ್ದು?" ಎಂದು ಗಟ್ಟಿಯಾಗಿ ಕೇಳಿಬಿಟ್ಟಳು. ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಬೂಟುಗಳನ್ನು ನೋಡತೊಡಗಿದರು. ಓಯ್ಗೆನ್ ಕೆಮ್ಮಿದ.

ಎಂಬತ್ತೇಳರದ್ದು ಎಂದು ಊರಿನ ಬೆಕ್ಕಿಗೂ ಗೊತ್ತು. ಆ ಚಳಿಗಾಲ ನನ್ನ ಗಂಡ ಓಯ್ಗೆನ್ ಉಲ್ಮ್‌ನ ಟೋಪಿ ಅಂಗಡಿಯವಳ ಜೊತೆ ಇದ್ದ. ಅದೂ ಮ್ಯೂಸಿಯಮ್ಮಿನಲ್ಲಿ ಜಗ್ಗು, ತಟ್ಟೆ, ಗಡಿಯಾರ ಎಂದು ಎಷ್ಟೊಂದು ಸಾಮಾನಿದ್ದರೂ, ಅದೇ ವರ್ಷ ಅವರಿಗೆ ನಮ್ಮ ಮುತ್ತಜ್ಜಿಯರು ಹಬ್ಬಕ್ಕೆ ತೊಡುತ್ತಿದ್ದ ಚಿನ್ನದ ಕುಲಾವಿಯೇ ಮಾದರಿಗೆ ಬೇಕಾಗಿತ್ತೇ! ತಲೆಗೆ ಹಾಕುವಂಥದ್ದು ಏನೂ ನನಗೆ ಆ ವರ್ಷ ಬೇಡವಾಗಿತ್ತು. ಕೊಳ್ಳಲಿಲ್ಲ.

ಆಮೇಲೆ ಪ್ರತಿ ಕ್ರಿಸ್‌ಮಸ್‌ಗೂ ಒಡವೆಗಳನ್ನು ವರ್ಷದ ಕ್ರಮದಲ್ಲೇ ತೂಗುಹಾಕುತ್ತಾ ಬಂದೆ. ಎಂಬತ್ತಾರರ ಜಗ್ಗು, ಪಕ್ಕದಲ್ಲಿ ಒಂದು ಖಾಲಿ ಕೊಂಬೆ, ಅದರ ಪಕ್ಕ ಎಂಬತ್ತೆಂಟರ ದೇವದೂತ. ಏಣಿ ಹಿಡಿದು ನಿಂತ ಓಯ್ಗೆನ್ ಆ ಕೊಂಬೆ ಬಂದಾಗ ಕಿಟಕಿಯಾಚೆ ನೋಡುತ್ತಿದ್ದ. ಬಾಯಿ ಬಿಡದೆ ಗಂಡನನ್ನು ಬೈಯುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ, ಓಟಿ.

ಇಂಥ ಹೊತ್ತಿನಲ್ಲಿ ನಿನ್ನ ಪಾರ್ಸೆಲ್! ಹತ್ತಿಯೊಳಗಿಂದ ಹೊರಬಂದದ್ದು ಎಂಬತ್ತೇಳರ ಅದೇ ಗಾಜಿನ ಕುಲಾವಿ. ತೂಗುಹಾಕಿದರೆ ಅವನಿಗೆ ಪೂರ್ತಿ ಮಾಫಿ ಕೊಟ್ಟ ಹಾಗೆ. ಹಾಕದಿದ್ದರೆ ಸಾಯುವ ತನಕ ಆ ಕೊಂಬೆಯನ್ನು ನಾನೇ ಕಾಯುತ್ತಿರಬೇಕು. ಹಾಸಿಗೆ ಬಟ್ಟೆಗಳ ನಡುವೆ ಬಚ್ಚಿಟ್ಟೆ. ದಿನಾ ಬಾಗಿಲು ಹಾಕಿಕೊಂಡು ತೆಗೆದು ನೋಡಿದೆ. ಎಷ್ಟು ಚೆಂದ ಮಾಡಿದ್ದಾರೆ! ತಲೆಯ ಸುತ್ತ ಚಕ್ರದ ಹಾಗೆ ನಿಂತ ಚಿನ್ನದ ಜರಿ, ಒಂದೊಂದು ಎಳೆಯೂ ಕಾಣುತ್ತದೆ. ಕ್ರಿಸ್‌ಮಸ್ ಮರ ಇಟ್ಟಾಗಲೂ ಹಾಕಲಿಲ್ಲ. ಕ್ರಿಸ್‌ಮಸ್ ಮರುದಿನ, ಸ್ಟೆಫಾನ್ ಹಬ್ಬದ ಬೆಳಿಗ್ಗೆ, ಓಯ್ಗೆನ್ ಅಡುಗೆಮನೆಯಲ್ಲಿ ಷ್ನಾಪ್ಸ್ ಸಾರಾಯಿಯ ಗ್ಲಾಸುಗಳನ್ನು ಒರೆಸುತ್ತಾ ಅಪಸ್ವರದಲ್ಲಿ ಹಾಡುತ್ತಿದ್ದ. ಇವನ ಮೇಲಿನ ಕೋಪವನ್ನು ಹೊತ್ತು ಹೊತ್ತು ನನಗೇ ಸುಸ್ತಾಗಿದೆ ಅನ್ನಿಸಿತು. ಹೋಗಿ ತೂಗುಹಾಕಿಬಿಟ್ಟೆ.

ಮಧ್ಯಾಹ್ನ, ಮನೆಮನೆಗೂ ಹೋಗಿ ಮರ ಹೊಗಳಿ ಒಂದೊಂದು ಗ್ಲಾಸು ಷ್ನಾಪ್ಸ್ ಗಿಟ್ಟಿಸುವವರು ಬಂದರು. ಅಲ್ಲಿ ಉತ್ತರದಲ್ಲಿ ನಿಮಗೆ ಈ ಭಾಗ್ಯ ಇಲ್ಲ, ಮರ ಹೊಗಳಿದರೆ ಚಹಾ ಕೊಡುತ್ತೀರಂತೆ! ನಮ್ಮ ಮರ ಈ ಸಲ ಎಡಕ್ಕೆ ವಾಲಿತ್ತು. ಆದರೂ ಪಕ್ಕದ ಮನೆಯ ಕಿಲಿಯನ್ ಬಾಗಿಲಲ್ಲೇ ಕೈಯೆತ್ತಿದ. "ಆಹಾ, ಎಂಥಾ ಮರ! ಬಂದೋರಿಗೆ ಬಗ್ಗಿ ನಮಸ್ಕಾರ ಮಾಡೋ ಮರ ಬೇರೆ ಯಾರ ಮನೇಲಿದೆ? ಕೊಡು ಗ್ಲಾಸು!" ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅಷ್ಟರಲ್ಲಿ ಅವನ ಕಣ್ಣು ಕುಲಾವಿಯ ಮೇಲೆ ಬಿತ್ತು. ನಗು ಅರ್ಧಕ್ಕೆ ನಿಂತಿತು. ಬಾಟಲಿ ಹಿಡಿದಿದ್ದ ಓಯ್ಗೆನ್ ಕೂಡ ತಿರುಗಿ ನೋಡಿದ.

ಬಾಟಲಿಯನ್ನು ಮೇಜಿನ ಮೇಲಿಟ್ಟ. ಕೋಟು ಹಾಕಿಕೊಂಡ, ಟೋಪಿ ಇಟ್ಟುಕೊಂಡ, ಹೊರಗೆ ಹೋಗಿ ಬಾಗಿಲೆಳೆದುಕೊಂಡ. ಮತ್ತೆ ಹೊರಟನೇ ಈ ಪುಣ್ಯಾತ್ಮ?

ಬೆಲ್ ಆಯಿತು. ತೆರೆದರೆ ಅವನೇ, ಟೋಪಿ ಕೈಯಲ್ಲಿ ಹಿಡಿದು ಕಾಲೊರಸಿನ ಮೇಲೆ ನಿಂತಿದ್ದಾನೆ.

"ಮರ ನೋಡೋಕೆ ಬಂದೆ. ಒಳಗೆ ಬರಬಹುದಾ?"

ನಿನಗೆ ಗೊತ್ತಲ್ಲ, ಮನೆಯ ಯಜಮಾನ ತನ್ನ ಮರವನ್ನು ತಾನೇ ಹೊಗಳುವ ಹಾಗಿಲ್ಲ, ಬಂದವರೇ ಹೊಗಳಬೇಕು. ಎಂಬತ್ತೆಂಟರ ಈಸ್ಟರ್‌ನಲ್ಲಿ ಉಲ್ಮ್‌ನಿಂದ ವಾಪಸು ಬಂದಾಗ ಇವನು ಅಡುಗೆಮನೆಯ ಬಾಗಿಲಿಂದ ನುಸುಳಿ, "ಊಟಕ್ಕೇನಿದೆ?" ಎಂದು ಕೇಳಿ ಕೂತಿದ್ದ, ಅಷ್ಟೇ. ಈಗ ಮುಂಬಾಗಿಲಿಂದ ಬಂದಿದ್ದಾನೆ.

"ಬಾ" ಎಂದೆ.

ಮರದ ಮುಂದೆ ಹೋಗಿ ನಿಂತ. "ಚೆಂದದ ಮರ. ಒಂದು ಕೊಂಬೆ ಖಾಲಿ ಇರ್ತಿತ್ತು, ಅದು ನನ್ನಿಂದ. ಈಗ ತುಂಬಿದೆ. ತುಂಬಿಸಿದೋಳ ಮನಸ್ಸು ದೊಡ್ಡದು. ತಪ್ಪಾಯ್ತು ಜೀಟಾ."

"ಏ ಓಯ್ಗೆನ್, ಹೊಗಳಬೇಕಾದ್ದು ಮರಾನಯ್ಯಾ, ಹೆಂಡತೀನಲ್ಲ!" ಎಂದು ಕಿಲಿಯನ್ ಕೂಗಿದ. ಕೂಗಿ ತಾನೇ ಮೂಗೊರೆಸಿಕೊಂಡ.

ಹೊಗಳಿದ ಮೇಲೆ ಕೊಡಲೇಬೇಕಲ್ಲ. ಅಂಚಿನ ತನಕ ಸುರಿದೆ, ಅರ್ಧ ಮೇಜುಬಟ್ಟೆಯೇ ಕುಡಿಯಿತು. ಆಮೇಲೆ ಅವನು ಇನ್ನೆರಡು ಸಲ ಹೊರಗೆ ಹೋಗಿ ಬೆಲ್ ಒತ್ತಿದ, ಅದು ಬರೀ ಷ್ನಾಪ್ಸ್‌ಗಾಗಿ. ಇಷ್ಟು ನಕ್ಕು ಎಷ್ಟು ಕಾಲವಾಗಿತ್ತೋ!

ಇವತ್ತು ಮರ ಇಳಿಸಿದೆವು. ಕುಲಾವಿಯನ್ನು ಹತ್ತಿಯಲ್ಲಿ ಸುತ್ತಿದವನು ಓಯ್ಗೆನ್. ಮ್ಯೂಸಿಯಮ್ಮಿಗೆ ಕೊಡಲು ಈಗ ಎಲ್ಲ ವರ್ಷಗಳೂ ಇವೆ. ದೇವರು ನಿನ್ನನ್ನೂ ಮಕ್ಕಳನ್ನೂ ಚೆನ್ನಾಗಿಟ್ಟಿರಲಿ. ಬೆಚ್ಚಗಿರು.

ನಿನ್ನ
ಜೀಟಾ

ತಾ.ಕ.: ಸಿಟ್ಟಿನ ವಿಷಯ. ಎಂಬತ್ತೇಳರಲ್ಲಿ ನಾನು ಮರವನ್ನೇ ಇಟ್ಟಿರಲಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಇಟ್ಟಿದ್ದೆ, ಓಟಿ. ಸ್ಟೆಫಾನ್ ಹಬ್ಬದ ದಿನ ಗ್ಲಾಸುಗಳನ್ನು ಸಾಲಾಗಿಟ್ಟು, ನೀಲಿ ಉಡುಪು ತೊಟ್ಟು ಕೂತಿದ್ದೆ. ಗಂಡ ಬಿಟ್ಟುಹೋದ ಮನೆಯ ಮರವನ್ನು ಹೊಗಳಲು ಯಾರೂ ಬರಲಿಲ್ಲ. ಆಗ ನೀನೂ ಇದೇ ಊರಲ್ಲಿದ್ದೆ; ಸಂಜೆ ಕಿಟಕಿಯಿಂದ ನೋಡಿದೆ, ನಿನ್ನ ಹಸಿರು ಟೋಪಿ ಚೌಕದ ಕಾರಂಜಿಯ ತನಕ ಬಂತು, ನಿಂತಿತು, ಹಿಂದಿರುಗಿತು. ಓಯ್ಗೆನ್ ಹೋದದ್ದಕ್ಕಿಂತ ನನಗೆ ಅದೇ ಹೆಚ್ಚು ನೋವಾಗಿತ್ತು. ಆ ಕೊಂಬೆಯನ್ನು ಖಾಲಿ ಬಿಟ್ಟದ್ದು ಅವನಿಗಾಗಿ ಎಂದು ಊರು ತಿಳಿಯಿತು, ಅರ್ಧ ನಿನಗಾಗಿತ್ತು. ನಿನಗದು ಗೊತ್ತಿತ್ತೆಂದು ಪಾರ್ಸೆಲ್ ಬಿಚ್ಚಿದಾಗ ತಿಳಿಯಿತು. ಈ ಸಲ ಒಂದು ಗ್ಲಾಸು ಹೆಚ್ಚಿಗೆ ಇಟ್ಟಿದ್ದೆ. ಮುಂದಿನ ಕ್ರಿಸ್‌ಮಸ್‌ಗೆ ಬಾ. ಕಾರಂಜಿಯ ಹತ್ತಿರ ನಿಲ್ಲಬೇಡ, ನೆಟ್ಟಗೆ ಬಂದು ಬೆಲ್ ಒತ್ತು.