ಸಮಾಧಿಯ ಮುಂದೆ ಶಾಲು ಹೊದೆಸಿದವರಿಗೆ

ದುಬೈಯ ನಮ್ಮ ಕನ್ನಡ ಸಂಘದ ಮಾನ್ಯ ಅಧ್ಯಕ್ಷರೇ,

ರುವಾಂಡಾ ಪ್ರವಾಸದಲ್ಲಿ, ಕಿಗಾಲಿಯ ನರಮೇಧ ಸ್ಮಾರಕದ ಸಾಮೂಹಿಕ ಸಮಾಧಿಗಳ ಎದುರು ನೀವು ನಮ್ಮ ಪ್ರಾಯೋಜಕರಿಗೆ ಸನ್ಮಾನ ಮಾಡಿದಿರಿ. ಆ ಫೋಟೋ ಈಗ ವಾರ್ಷಿಕೋತ್ಸವದ ಬ್ಯಾನರಿಗೆ ಏರಿದೆ. ಅದರಲ್ಲಿ ಪ್ರಾಯೋಜಕರು ಹಿಡಿದಿರುವ ಬಿಳಿ ಗುಲಾಬಿಗಳು ಸಂಘದವಲ್ಲ.

೧೯೯೪ರಲ್ಲಿ ಅಲ್ಲಿ ಟುಟ್ಸಿ ಸಮುದಾಯದ ಲಕ್ಷಾಂತರ ಜನರ ಕೊಲೆಯಾಯಿತು. ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿ ಆ ಕಾಂಕ್ರೀಟ್ ಚಪ್ಪಡಿಗಳ ಕೆಳಗಿದ್ದಾರೆ. ಜುಮೇರಾ ಲೇಕ್ ಟವರ್ಸ್‌ನ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ, ರುವಾಂಡಾದ ಬೆಟ್ಟಿಯ ತಾಯಿಯೂ ಅವುಗಳ ಕೆಳಗೇ ಇದ್ದಾರೆ. ಊರಿಗೆ ಹೋದಾಗಲೆಲ್ಲ ಬೆಟ್ಟಿ ಸ್ಮಾರಕದ ಗೇಟಿನವರೆಗೆ ಹೋಗಿ, ಒಳಗೆ ಕಾಲಿಡಲಾಗದೆ ಹಿಂದಿರುಗಿದವಳು. ಅಮ್ಮನಿಗೆ ತನ್ನ ಪರವಾಗಿ ಹೂವಿಟ್ಟು ಒಂದು ಫೋಟೋ ತನ್ನಿ ಎಂದು ನನ್ನನ್ನು ಕೇಳಿದ್ದಳು.

ಸನ್ಮಾನವಿಲ್ಲದೆ ನಾವು ಥ್ರೋಬಾಲ್ ಪಂದ್ಯವನ್ನೂ ಮುಗಿಸಿದವರಲ್ಲ, ನಿಜ. ಆದರೆ ನರಮೇಧದ ಸ್ಮಾರಕಕ್ಕೂ ಶಾಲು, ಮೈಸೂರು ಪೇಟ ಹೊತ್ತು ಹೋಗುವ ದೂರದೃಷ್ಟಿ ಎಷ್ಟು ಸಂಘಗಳಿಗಿದ್ದೀತು? ನೀವು ಮರೆತದ್ದು ಹೂಗುಚ್ಛವೊಂದನ್ನೇ. ಸತ್ತ ಮಕ್ಕಳ ಚಿತ್ರಗಳಿದ್ದ ಕೋಣೆಗೆ ಹೋಗುವ ಮುನ್ನ, ಬೆಟ್ಟಿಯ ಅಮ್ಮನಿಗೆಂದು ತಂದ ಹೂವನ್ನು ಸ್ವಲ್ಪ ಹಿಡಿದುಕೊಳ್ಳಿ ಎಂದು ನಿಮ್ಮ ಕೈಗೇ ಕೊಟ್ಟಿದ್ದೆ. ಹೊರಗೆ ಬಂದಾಗ ಪ್ರಾಯೋಜಕರ ತಲೆಯ ಮೇಲೆ ಪೇಟ, ಕೈಯಲ್ಲಿ ಬೆಟ್ಟಿಯ ಗುಲಾಬಿ. "ಸ್ವಲ್ಪ ನಗಿ ಧಣಿ" ಎನ್ನುತ್ತಿದ್ದಿರಿ.

ನಮ್ಮ ಹಿರಿಯ ಸದಸ್ಯ ಹಸನಬ್ಬ ಮಾತ್ರ ಮೆಲ್ಲಗೆ ಹೇಳಿದರು: "ಅಧ್ಯಕ್ಷರೇ, ಇದು ಕಬರಸ್ಥಾನ. ಸ್ಟೇಜಲ್ಲ."

"ಒಂದೇ ಫೋಟೋ ಹಸನಬ್ಬ, ಖಲಾಸ್" ಎಂದಿರಿ. ಹೂವು ಯಾರದೆಂದು ನಾನು ನೆನಪಿಸಿದ್ದಕ್ಕೆ, "ಆಮೇಲೆ ಇಡುವ ಮಾರಾಯ್ರೆ, ಹೂವು ಎಲ್ಲಿಗೆ ಓಡಿ ಹೋಗ್ತದೆ?"

ಹೋಯಿತು. ಗ್ರೂಪ್ ಫೋಟೋ ಮುಗಿಯುವಷ್ಟರಲ್ಲಿ ಪ್ರಾಯೋಜಕರು ಹೂವಿನ ಸಮೇತ ಕಾರು ಹತ್ತಿಯಾಗಿತ್ತು. ಸ್ಮಾರಕ ಮುಚ್ಚುವ ಹೊತ್ತು. ಅಂಗಡಿಗೆ ಹೋಗಿ ಬೇರೆ ತರುವಷ್ಟು ಸಮಯವಿರಲಿಲ್ಲ; ಆ ರಾತ್ರಿಯೇ ನಮ್ಮ ವಿಮಾನ. ಮಾರನೆಯ ದಿನ ವಾಟ್ಸಾಪಿನಲ್ಲಿ ನಿಮ್ಮ ವರದಿ ಬಂತು: "ನರಮೇಧ ಸ್ಮಾರಕದಲ್ಲಿ ಅದ್ದೂರಿ ಸನ್ಮಾನ." ಅದ್ದೂರಿ! ಈ ಪದವನ್ನು ಬರೆದ ಬೆರಳು ಒಂದು ಕ್ಷಣವೂ ತಡೆಯಲಿಲ್ಲವೇ? ಸಮಾಧಿಯನ್ನು ವೇದಿಕೆಯೆಂದುಕೊಂಡ ಕಣ್ಣಿಗೆ ಆ ಕೋಣೆಯ ಮಕ್ಕಳ ಮುಖಗಳು ಹೇಗೆ ಕಂಡವೋ, ನೀವೇ ಬಲ್ಲಿರಿ.

ಬೆಟ್ಟಿ ಈಗ ದಿನವೂ ಫೋಟೋ ಕೇಳುತ್ತಾಳೆ. ಆ ಹೂವಿರುವ ಫೋಟೋ ಲೋಕದಲ್ಲಿ ಒಂದೇ ಇದೆ, ಅದು ನಿಮ್ಮ ಬ್ಯಾನರಿನಲ್ಲಿದೆ. ಅದನ್ನು ನಾನು ತೋರಿಸಲೇ?

ಬ್ಯಾನರಿನಿಂದ ಅದನ್ನು ತೆಗೆಸಿ. ಆಮೇಲೆ ನಮ್ಮ ಆಫೀಸಿಗೆ ಬನ್ನಿ. ಶಾಲು ಬೇಡ, ಫೋಟೋಗ್ರಾಫರ್ ಬೇಡ. ಅವಳ ಅಮ್ಮನ ಹೂವು ಯಾರ ಕೈ ಸೇರಿತೆಂದು ಅವಳ ಎದುರು ನಿಂತು ಹೇಳಿ. ಹೇಳುವಾಗ ಸ್ವಲ್ಪ ನಗಲು ಆಗುತ್ತದೆಯೇ, ನೋಡಿ.

ಇಂತಿ,
ನಂಬಿ ನಿಮ್ಮ ಕೈಗೆ ಹೂವು ಕೊಟ್ಟ ಸದಸ್ಯ,
ಸತ್ವಾ, ದುಬೈ