ನಾನೇ ಬರೆದ ಸುಳ್ಳು

ಮಾರ್ಚ್ ೧೪, ಗುರುವಾರ

ಕಣ್ಣು ಮಂಜಾದ ಮೇಲೆ ಅತ್ತೆಗೆ ಪುಸ್ತಕ ಓದಿ ಹೇಳುವುದು ನಾನು ಸಿ ಭಾಷೆಯಲ್ಲಿ ಬರೆದ ಕಂಪ್ಯೂಟರ್ ಪ್ರೋಗ್ರಾಂ. ಹೊಸ ಕಂಪ್ಯೂಟರಿಗೆ ಹಾಕಿದಾಗಿನಿಂದ ನಾಲ್ಕು ದಿನ ಅದು ಬಾಯಿ ಬಿಡಲಿಲ್ಲ. ಅವರ ಪತ್ತೇದಾರಿ ಕಾದಂಬರಿ ಅರ್ಧಕ್ಕೇ ನಿಂತಿತ್ತು. ‘ಧ್ವನಿಯ ಲೈಬ್ರರಿ ಸಿಗಲಿಲ್ಲ’ ಎಂಬ ಒಂದೇ ಸಂದೇಶ. ಲೈಬ್ರರಿ ಎಂದರೆ ಪ್ರೋಗ್ರಾಂ ಎರವಲು ಪಡೆಯುವ ಸಿದ್ಧ ಕೋಡಿನ ಫೈಲು; ಆ ಫೈಲು ಮಾತ್ರ ಇರಬೇಕಾದ ಜಾಗದಲ್ಲೇ ಇತ್ತು. ಎಷ್ಟು ಸಲ ನೋಡಿದೆನೋ.

ಇಂದು ಸಂಜೆ ಹೊಳೆಯಿತು. ಆ ಸಂದೇಶ ಸಿಸ್ಟಮ್ಮಿನದಲ್ಲ, ಹಿಂದೊಮ್ಮೆ ನಾನೇ ಬರೆದಿಟ್ಟದ್ದು. ಲೈಬ್ರರಿ ಲೋಡ್ ಆಗದಿರಲು ಕಾರಣ ಏನೇ ಇರಲಿ, ‘ಸಿಗಲಿಲ್ಲ’ ಎಂದೇ ಹೇಳುತ್ತದೆ. ಅಳಿಸಿ, ಸಿಸ್ಟಮ್ ಕೊಡುವ ಕಾರಣವನ್ನೇ ತೋರಿಸುವಂತೆ ಮಾಡಿದೆ. ಸಿಗದಿದ್ದದ್ದು ಧ್ವನಿಯ ಲೈಬ್ರರಿಯಲ್ಲ, ಅದಕ್ಕೆ ಬೇಕಾದ ಇನ್ನೊಂದು ಪುಟ್ಟ ಲೈಬ್ರರಿ. ಹಳೆಯ ಕಂಪ್ಯೂಟರಿನಲ್ಲೇ ಉಳಿದುಬಿಟ್ಟಿತ್ತು. ತಂದು ಹಾಕಿದೆ, ಮಾತಾಡಿತು.

“ನೀನೇ ಬರೆದ ಸುಳ್ಳನ್ನ ನೀನೇ ನಂಬ್ಕೊಂಡು ಕೂತಿದ್ದೆಯೇನೇ?” ಎಂದರು ಅತ್ತೆ, ನಡೆದದ್ದನ್ನೆಲ್ಲ ಕೇಳಿ.

“ಹೌದತ್ತೆ.”

“ಹೋಗ್ಲಿ ಬಿಡು. ಈಗ ಸುಮ್ನಿರು, ಕಳ್ಳ ಸಿಕ್ಕಿಬೀಳೋ ಹೊತ್ತು.”

ಕಾರಣ ಕೇಳುವ ಮೊದಲೇ ಉತ್ತರ ಬರೆದಿಡುವ ಚಟ ನನಗೆ ಪ್ರೋಗ್ರಾಮಿನಲ್ಲಿ ಮಾತ್ರವೇ? ಅದನ್ನು ನಾಳೆ ಯೋಚಿಸಬೇಕು. ಗೋಡೆಯಾಚೆ ಅತ್ತೆ ಒಬ್ಬರೇ ನಗುತ್ತಿದ್ದಾರೆ. ಕಳ್ಳ ಯಾರೆಂದು ನಾನು ಆಗಲೇ ಊಹಿಸಿಟ್ಟಿದ್ದೇನೆ. ಆದರೂ ಹೋಗಿ ಅವರನ್ನೇ ಕೇಳಿ ಬರುತ್ತೇನೆ.